ಬಾಣಂತನದಾಗ ಏಳು ಮ್ಯಾಚು

ಕೆನಡಾದಿಂದ ಬಂದ ಮ್ಯಾಲೆ ಯಾರು ಸಿಕ್ಕರೂ ಒಂದಾ ಮಾತು, "ಏನೇನ್ ನೋಡ್ಕಂಡ್ ಬಂದಿ?" ಅಂತ. ಹಡಗಲಿ ಅತ್ತಿಗಿಯಂತೂ ನಯಾಗರಾ ಫೋಟೋ ತೋರ್ಸು ಅಂತ ಕುಂತುಬಿಟ್ಲು. ನಯಾಗರಾ ಎಲ್ಲಿ, ನನ್ ಮಗಳಿರೋ ಎಡ್ಮಂಟನ್ ಎಲ್ಲಿ! ನಾನು ನೋಡಿದ್ದು ಅಡಿಗಿಮನಿ, ಬಚ್ಚಲ, ಕೂಸಿನ ಮುಖ, ಮತ್ತ ಏಳು ಐಸ್ ಹಾಕಿ ಮ್ಯಾಚು. ನಗಬ್ಯಾಡ್ರಿ, ಹೇಳ್ತೀನಿ.

2024ರ ಜೂನ್ ತಿಂಗಳು. ಮಗಳು ಹಡದು ಹನ್ನೆರಡು ದಿನ ಆಗಿತ್ತು. ಕೊಟ್ಟೂರಿಂದ ನಾನು ಒಣಕೊಬ್ರಿ, ಅಂಟು, ಕಲ್ಲಸಕ್ರಿ, ನಾಕು ಕುಂಚಿಗಿ, ಒಂದು ಪೊಟ್ಣ ಲೋಬಾನ ಎಲ್ಲಾ ಹೊತ್ಕಂಡು ಹೋಗಿದ್ದೆ. ಕುಂಚಿಗಿ ಕಟ್ಟಾಕೆ ಹೋದ್ರೆ, "ಬ್ಯಾಡಮ್ಮ, ಮನಿಯೊಳಗ ತಲಿಗೆ ಏನೂ ಹಾಕಬಾರ್ದು ಅಂದಾರ ನರ್ಸು." ಲೋಬಾನದ ಹೊಗಿ ಹಾಕಿದ ದಿನ ಮಾಳಿಗಿಗೆ ಬಡಿದಿದ್ದ ಯಂತ್ರ ಕಿರ್ರಂತ ಒದರಿ, ಕೂಸು ಬೆಚ್ಚಿಬಿದ್ದು, ಅಳಿಯ ಟವೆಲ್ ಬೀಸ್ಕಂತ ಮನಿ ತುಂಬ ಓಡಾಡಿದ. ಆವತ್ತಿಂದ ಮಗಳು ಮಾತು ಕಡಿಮಿ ಮಾಡಿದ್ಲು. ಹಾಲು ಕುಡಿಸೋದು, ಗ್ವಾಡಿ ಕಡಿ ತಿರುಗಿ ಮಲಗೋದು. ಅಂಟಿನುಂಡಿ ಕೊಟ್ರೆ ಅರ್ಧ ಕಚ್ಚಿ ಇಡೋದು. ನನ್ ಮ್ಯಾಲೆ ಸಿಟ್ಟು ಅಂದ್ಕಂಡೆ. ನನಗೂ ಒಳಗೊಳಗ ಸಿಟ್ಟಾ. ಅಷ್ಟು ದೂರ ಯಾಕ್ ಬಂದೆ ಅಂತ ಒಬ್ಬಾಕೇ ಪಾತ್ರಿ ತಿಕ್ಕಂತ ಅತ್ತಿದ್ದೂ ಐತಿ.

ಇಂಥಾದ್ರಾಗ ಶುರುವಾತು ಸ್ಟ್ಯಾನ್ಲಿ ಕಪ್ ಫೈನಲ್. ಅಳಿಯ ಹರಪನಹಳ್ಳಿ ಹುಡುಗ, ಹಿಮ ಅಂದ್ರೆ ಫ್ರಿಜ್ಜಿನಾಗ ನೋಡಿದೋನು. ಈಗ ನೋಡಿದ್ರೆ ಎಡ್ಮಂಟನ್ ಆಯಿಲರ್ಸ್ ಅಂತ ಕಿತ್ತಳಿ ಬಣ್ಣದ ಅಂಗಿ ಹಾಕ್ಕಂಡು, ಕಾರಿಗೂ ಬಾವುಟ ಸಿಗಿಸ್ಕಂಡು ಹುಚ್ಚೆದ್ದು ಕುಣಿಯಾಕತ್ತಿದ್ದ. ಆಯಿಲರ್ಸ್ ಅಂದ್ರೆ ಎಣ್ಣಿಯೋರು. ಅಲ್ಲಿ ನೆಲದಾಗ ಪೆಟ್ರೋಲಿನ ಎಣ್ಣಿ ಸಿಗ್ತೈತಲ್ಲ, ಅದರ ಹೆಸರು. ಎದುರಾಳಿ ಫ್ಲೋರಿಡಾ ಪ್ಯಾಂಥರ್ಸ್. ಅದು ನಮ್ ಬಳ್ಳಾರಿಯಂಗ ಸೆಕಿ ಇರೋ ಊರಂತ, ಅಲ್ಲಿಯೋರು ಬರ್ಫದ ಆಟ ಆಡ್ತಾರ ನೋಡ್ರಿ!

ಆಟ ನನಗ ಮೊದಲ ದಿನ ಏನೂ ತಿಳೀಲಿಲ್ಲ. ಲಾರಿ ಟೈರಿಂದ ಕತ್ತರಿಸಿದಂಗಿರೋ ಕರಿ ರಬ್ಬರ್ ಬಿಲ್ಲಿ, ಅದಕ್ಕ ಪಕ್ ಅಂತಾರ. ಕಡಿಗೆ ಆರು ಮಂದಿ, ಕಾಲಿಗೆ ಕತ್ತಿಯಂಥ ಬೂಟು. ಇಪ್ಪತ್ತು ಇಪ್ಪತ್ತು ನಿಮಿಷದಂಗ ಮೂರು ಆಟ. ತಪ್ಪು ಮಾಡಿದೋನ್ನ ಎರಡು ನಿಮಿಷ ಗಾಜಿನ ಡಬ್ಬಿಯೊಳಗ ಕೂಡಿಸ್ತಾರ, ನಮ್ ಸಾಲ್ಯಾಗ ಮೂಲಿಗೆ ನಿಂದ್ರಿಸ್ತಿದ್ರಲ್ಲ, ಹಂಗಾ. ಅಲ್ಲಿ ಈ ಆಟದ ಕಾಮೆಂಟ್ರಿ 2008ರಿಂದ ಪಂಜಾಬಿಯೊಳಗೂ ಬರ್ತಿತ್ತು. ಅಳಿಯ ನನ್ ಸಲುವಾಗಿ ಅದನ್ನ ಹಚ್ಚಿದ. ಪಂಜಾಬಿನೂ ತಿಳೀಲಿಲ್ಲ, ಆದ್ರೂ ಆ ದನಿ ನಮ್ ಕಡೇದಂಗ ಅನ್ಸಿ ಎದಿ ತಣ್ಣಗಾತು.

ಏಳು ಮ್ಯಾಚಿನಾಗ ನಾಕು ಗೆದ್ದೋರಿಗೆ ಕಪ್ಪು. ಎಣ್ಣಿಯೋರು ಮೊದಲಿನ ಮೂರೂ ಸೋತ್ರು. ಹಂಗ ಮೂರು ಸೋತು ಆಮ್ಯಾಲೆ ಫೈನಲ್ ಗೆದ್ದೋರು ಒಬ್ಬರಾ, 1942ರಾಗ ಟೊರಾಂಟೊದೋರು ಅಂತ ಅಳಿಯ ಅಂದ. ಕೆನಡಾದ ಯಾವ ತಂಡಕ್ಕೂ 1993ರಿಂದ ಈಚಿಗೆ ಆ ಕಪ್ಪು ಸಿಕ್ಕಿಲ್ಲಂತ. ಆಟ ಹುಟ್ಟಿದ ನಾಡಿಗೇ ಸಿಕ್ಕಿಲ್ಲ.

ಜೂನ್ 15, ನಾಕನೇ ಮ್ಯಾಚು, ಎಡ್ಮಂಟನ್ನಿನಾಗಾ. ಒಂದು, ಎರಡು, ಮೂರು ಅಂತ ಗೋಲು ಬೀಳಾಕತ್ತಿದ್ವು, ಎಂಟಕ್ಕ ನಿಂತ್ವು. ಅಳಿಯ ಒದರಿದ್ದು ಕೇಳಿ ಮಗಳು ಕೂಸಿನ್ನೆತ್ಕಂಡು ಹೊರಗ ಬಂದ್ಲು. ಬೈಯ್ಯಾಕ ಬಂದಾಕಿ ಹಂಗಾ ನನ್ ಕಾಲತ್ರ ಕುಂತ್ಲು. "ತಲಿಗೆ ಎಣ್ಣಿ ಹಚ್ಚಮ್ಮ" ಅಂದ್ಲು. ಹಚ್ಚಿದೆ. 8-1ರಿಂದ ಗೆದ್ರು. ಅಳಿಯ ಅಲ್ಲಿಗೇ ತೀರ್ಮಾನ ಮಾಡಿಬಿಟ್ಟ: ಎಣ್ಣಿಯೋರ ತಂಡಕ್ಕ ಎಣ್ಣೀನೇ ಬಲ, ಇನ್ ಮ್ಯಾಲೆ ಪ್ರತಿ ಮ್ಯಾಚಿಗೂ ಅತ್ತಿ ಇಲ್ಲೇ ಕೂಡಬೇಕು, ಈಕಿ ಅಲ್ಲೇ ಕೂಡಬೇಕು, ಜಾಗ ಬದಲಿ ಆಗಂಗಿಲ್ಲ. ಇಂಜಿನಿಯರ್ ಓದಿದೋನು, ಮೈಲಾರದ ಕಾರಣಿಕಕ್ಕಿಂತ ಇದನ್ನ ಹೆಚ್ಚು ನಂಬಿದ.

ಐದನೇ ಮ್ಯಾಚಿನ ದಿನ ಎಣ್ಣಿ ಹಚ್ಚುವಾಗ ಮಗಳು ಟಿವಿ ನೋಡ್ಕಂತಾನ ಅಂದ್ಲು, "ಅಮ್ಮ, ರಾತ್ರಿ ಇದು ಅಳಾಕತ್ತಿದ್ರೆ ನನಗ ಮನಿ ಬಿಟ್ಟು ನಡ್ಕಂತ ಹೋಗಿಬಿಡಬೇಕು ಅನ್ಸತೈತಿ. ನಾನು ತಾಯಿ ಆಗಾಕೆ ಲಾಯಕ್ಕಿಲ್ಲೇನೋ."

ಕೈ ನಿಂತ್ಬಿಡ್ತು ನನಗ. ಬಿಡ್ತು ಅನ್ನು, ಹಂಗೆಲ್ಲಾ ಅನ್ನಬಾರ್ದು ಅನ್ನೋ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಯಾಕಂದ್ರೆ ಈಕಿನ್ನ ಹಡದಾಗ ನಾನೂ ಹಿತ್ತಲ ಬಾವಿ ಕಡಿ ನೋಡ್ಕಂತ ಕುಂತಿರ್ತಿದ್ದೆ. ನಮ್ಮವ್ವಗೂ ಹೇಳಿದ್ದಿಲ್ಲ. ದೃಷ್ಟಿ ಆಗೈತಿ ಅಂತ ಅವ್ವ ಉಪ್ಪು ಮೆಣಸಿನಕಾಯಿ ಇಳೇ ತಗೀತಿದ್ಲು, ನಾನು ಸುಮ್ಕಿರ್ತಿದ್ದೆ. ಅದನ್ನ ಆವತ್ತು ಮೊದಲ್ನೇ ಸಲ ಬಾಯಿ ಬಿಟ್ಟು ಹೇಳಿದೆ, ಅದೂ ಮಗಳಿಗೆ, ಅದೂ ಪಂಜಾಬಿ ಕಾಮೆಂಟ್ರಿ ನಡುವ. ಆಕಿ ತಿರುಗಿ ನೋಡಿದ್ಲು. ಆಮ್ಯಾಲೆ ಇಬ್ಬರೂ ಯಾರು ಗೋಲ್ ಹೊಡದ್ರೂ ನೋಡ್ಲಿಲ್ಲ. 5-3 ಗೆದ್ರು ಅಂತ ಅಳಿಯನಾ ಹೇಳಿದ್ದು.

ಮರುದಿನ ಡಾಕ್ಟರತ್ರ ಹೋದ್ವಿ. ಹತ್ತು ಪ್ರಶ್ನಿ ಇರೋ ಒಂದು ಹಾಳಿ ಕೊಟ್ಟು ತುಂಬಿಸಿದ್ರು. ಇದು ಬಾಣಂತೇರಿಗೆ ಬರೋ ಕಾಯಿಲೆ, ಬಾಳ ಮಂದಿಗೆ ಬರ್ತೈತಿ, ಗುಳಿಗಿ ಐತಿ, ಮಾತಾಡಿಸೋರು ಅದಾರ, ವಾಸಿ ಆಗತೈತಿ ಅಂದ್ರು. ಸೊಕ್ಕಲ್ಲ, ಗಾಳಿ ಅಲ್ಲ, ನನ್ ಮ್ಯಾಲಿನ ಸಿಟ್ಟೂ ಅಲ್ಲ. ನಾನು ಟಿಕೀಟು ಎರಡು ತಿಂಗಳು ಮುಂದಕ್ಕ ಹಾಕಿಸಿದೆ.

ಆರನೇದೂ 5-1 ಗೆದ್ರು. ಮೂರಕ್ಕ ಮೂರು ಸಮ. ಜೂನ್ 24, ಕಡೀ ಮ್ಯಾಚು. ಅಲ್ಲಿ ಸಂಜಿ ಆರು, ಕೊಟ್ಟೂರಾಗ ಮರುದಿನ ಬೆಳಿಗ್ಗೆ ಐದೂವರಿ. ಹೊರಗ ನೋಡಿದ್ರೆ ನಡುಮಧ್ಯಾಹ್ನದಂಗ ಬಿಸಲು, ಹತ್ತರ ತನಕ ಹೊತ್ತು ಮುಳುಗಂಗಿಲ್ಲ. ಎಣ್ಣಿ ಬಟ್ಟಲ ಖಾಲಿ ಆತು, ತಂಡ ಸೋತು. 2-1. ಅಳಿಯ ದಿಂಬಿನಾಗ ಮುಖ ಇಟ್ಕಂಡು ಅತ್ತ. ಸೋತ ತಂಡದ ನಾಯಕ ಮೆಕ್‌ಡೇವಿಡ್ಡಗೇ ಇಡೀ ಪ್ಲೇಆಫಿನ ಅತಿ ಒಳ್ಳೆ ಆಟಗಾರ ಅಂತ ಪ್ರಶಸ್ತಿ ಬಂತು. ಕರದ್ರೂ ಆತ ಒಳಗಿಂದ ಹೊರಗ ಬರ್ಲಿಲ್ಲ.

"ಬರಬೇಕಿತ್ತು, ಎಷ್ಟಾದ್ರೂ ಮರ್ಯಾದಿ" ಅಂದೆ ನಾನು.

"ಬಿಡಮ್ಮ, ಆತಗ ಬರಾಕ ಆಗಲಿಲ್ಲ ಅಷ್ಟಾ" ಅಂದ್ಲು ಮಗಳು, ಕೂಸಿನ್ನ ಹೆಗಲ ಮ್ಯಾಲೆ ಹಾಕ್ಕಂಡು ತಟ್ಟಕಂತ. ಅರ್ಧ ಇಟ್ಟಿದ್ದ ಅಂಟಿನುಂಡಿ ಹುಡುಕಿ ತಿಂದ್ಲು.

ಮರುವರ್ಷ, 2025ರಾಗ ಮತ್ತ ಅವೇ ಎರಡು ತಂಡ ಫೈನಲ್ಲಿಗೆ ಬಂದ್ವು. ನಾನು ಕೊಟ್ಟೂರಾಗಿದ್ದೆ. ಆರನೇ ಮ್ಯಾಚಿಗೇ ಮುಗೀತು, ಫ್ಲೋರಿಡಾದೋರೇ ಗೆದ್ರು. ಜೂನ್ 18ರ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ ಮಾಡಕತ್ತಿದ್ದೆ, ವಿಡಿಯೋ ಕಾಲ್ ಬಂತು. ವರ್ಷದ ಮೊಮ್ಮಗಳು ಮೊಣಕಾಲುದ್ದ ಕಿತ್ತಳಿ ಅಂಗಿ ಹಾಕ್ಕಂಡು ಸೋಫಾ ಹಿಡಕಂಡು ನಿಂತಿತ್ತು. ಅಳಿಯ ಫೋನಿಗೆ ಬರ್ಲಿಲ್ಲ, ರೂಮಿನಾಗ ಬಾಗಲ ಹಾಕ್ಕಂಡಾನ ಅಂತ.

"ನಿನ್ ಮ್ಯಾಲೆ ಸಿಟ್ಟಾಗ್ಯಾನಮ್ಮ," ಮಗಳು ನಕ್ಕಂತ ಅಂದ್ಲು. "ಎಣ್ಣಿ ಹಚ್ಚಾಕ ನೀನಿರಲಿಲ್ಲ ಅಂತ."