ಸದ್ದಿಲ್ಲದ ನೀರಗಂಟಿ

ವರ್ತೂರು ಕೋಡಿಯ ಕಡೆಯಿಂದ ಬರುವ ನೀರಿನ ಟ್ಯಾಂಕರುಗಳ ಸದ್ದು ಅಡಗುವುದು ರಾತ್ರಿ ಹನ್ನೊಂದೂವರೆಯ ಮೇಲೆ. ಆಮೇಲೆ ಮನೆಯೊಳಗಿನ ಸದ್ದುಗಳು ಒಂದೊಂದಾಗಿ ತಲೆ ಎತ್ತುತ್ತವೆ. ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಸುಮ್ಮನಾಗುತ್ತದೆ. ನಡುಮನೆಯ ಗಡಿಯಾರ ಕೇಳತೊಡಗುತ್ತದೆ. ಎರಡು ವರ್ಷದ ಹಿಂದಿನವರೆಗೆ ಇವೆಲ್ಲದರ ಮೇಲೆ ಕಂಬಳಿ ಹೊದಿಸಿದಂತೆ ಇನ್ನೊಂದು ಸದ್ದಿತ್ತು. ಪುಸ್ತಕದ ಬೀರುವಿನ ಕೆಳಖಾನೆಯಲ್ಲಿ ಹಗಲು ರಾತ್ರಿ ಓಡುತ್ತಿದ್ದ ಹಳೆಯ ಕಂಪ್ಯೂಟರಿನ ಫ್ಯಾನಿನದು. ಅದೇ ನಮ್ಮ ಮನೆಯ ಸರ್ವರ್.

ಅದರಲ್ಲಿದ್ದದ್ದು ಮನೆಯವರ ಫೋಟೊಗಳು, ಜಮೀನಿನ ಪಹಣಿಯ ಸ್ಕ್ಯಾನುಗಳು, ಮಗಳ ಓದಿನ ಕಾಲದ ಕಾಗದಪತ್ರ. ಎಲ್ಲಕ್ಕಿಂತ ಹೆಚ್ಚಾಗಿ 14 ಕ್ಯಾಸೆಟ್ಟುಗಳು. 1986ರಲ್ಲಿ ಅತ್ತೆಯ ಮದುವೆಗೆ ಚಪ್ಪರ ಹಾಕಿದ್ದಾಗ, ಸೋದರಮಾವ ತಂದಿದ್ದ ಟೂ ಇನ್ ಒನ್‌ನಲ್ಲಿ ಅಮ್ಮ ಹೇಳಿದ ಸೋಬಾನೆ ಪದಗಳನ್ನು ಹಿಡಿದಿಟ್ಟಿದ್ದರು. ಆ ಮೇಲೆ ಹಬ್ಬಕ್ಕೊಮ್ಮೆ, ಸೀಮಂತಕ್ಕೊಮ್ಮೆ ಎಂದು ಕ್ಯಾಸೆಟ್ಟುಗಳು ಬೆಳೆದವು. ಅಮ್ಮ ಈಗಿಲ್ಲ. 60 ನಿಮಿಷದ ಕ್ಯಾಸೆಟ್ಟೊಂದನ್ನು ಏನೂ ಹಿಂಡದೆ ಕಂಪ್ಯೂಟರಿಗೆ ಇಳಿಸಿದರೆ ಸುಮಾರು 635 ಎಂಬಿ. ಹದಿನಾಲ್ಕೂ ಸೇರಿ 9 ಜಿಬಿ ಆದೀತು. ಸಣ್ಣ ಪೆನ್‌ಡ್ರೈವಿನಲ್ಲೂ ಹಿಡಿಯುತ್ತದೆ. ಆದರೆ ಪೆನ್‌ಡ್ರೈವು ಡ್ರಾಯರಿನ ಮೂಲೆ ಸೇರುತ್ತದೆ. ನನಗೆ ಬೇಕಿದ್ದದ್ದು, ಮನೆಯಲ್ಲಿ ಯಾರಿಗೆ ಯಾವ ಹೊತ್ತಿನಲ್ಲಿ ನೆನಪಾದರೂ ಮೊಬೈಲು ತೆಗೆದು ಅಮ್ಮನ ದನಿ ಕೇಳುವಂತಿರಬೇಕು ಎಂಬುದು.

ಆ ಹಳೆಯ ಯಂತ್ರ ಒಂದು ದಿನ ಏಳಲೇ ಇಲ್ಲ. ಡಿಸ್ಕು ಸರಿಯಿತ್ತು, ಬೋರ್ಡು ಸತ್ತಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಒಯ್ದೆ. ಅಲ್ಲಿ ಮೊದಲ ಮಹಡಿಯ ಒಂದು ಸಣ್ಣ ಅಂಗಡಿಯಲ್ಲಿ ಬೋರ್ಡು ರಿಪೇರಿ ಮಾಡುವವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ‘ಮನೆ ಎಲ್ಲಿ ಸಾರ್?’ ಎಂದರು. ವರ್ತೂರು ಎಂದೆ. ‘ಕೆರೆ ಪಕ್ಕಾನಾ?’ ಎಂದರು. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಬೋರ್ಡಿನ ಸೂಜಿಮೊನೆಯಷ್ಟು ರಂಧ್ರಗಳ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು. ಒಂದು ಗೆರೆಯಿಂದ ಪಕ್ಕದ ಗೆರೆಗೆ ಅದು ಕೂದಲಿನಂತೆ ಚಾಚಿಕೊಂಡಿತ್ತು. ಕಿಲುಬು.

ನಮಗೆ ಅದು ಹೊಸ ಸುದ್ದಿಯೇನಲ್ಲ. ಬೆಳ್ಳಂದೂರು ಕೆರೆಯ ನೀರು ನಮ್ಮ ಕೆರೆಗೆ ಇಳಿಯುತ್ತದೆ, ಇಲ್ಲಿಂದ ದಕ್ಷಿಣ ಪಿನಾಕಿನಿಗೆ. ಊರಿನ ಕೊಳಚೆ ಆ ದಾರಿ ಹಿಡಿದ ಮೇಲೆ ನೀರಿನಲ್ಲಿ ಉಸಿರು ಉಳಿಯಲಿಲ್ಲ. 2015ರಲ್ಲಿ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಬಂದದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಕಾಣದೆ ಬರುತ್ತಿದ್ದದ್ದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್. ದೇವರ ಮುಂದಿನ ಬೆಳ್ಳಿ ದೀಪವನ್ನು ಶುಕ್ರವಾರ ವಿಭೂತಿ ಹಾಕಿ ಉಜ್ಜಿಟ್ಟರೆ ಮುಂದಿನ ಶುಕ್ರವಾರಕ್ಕೆ ಮಂಕಾಗಿರುತ್ತಿತ್ತು. ಕೆರೆಯ ಸುತ್ತಮುತ್ತ ಏಸಿಯ ತಾಮ್ರದ ಕೊಳವೆಗಳು ಸವೆದು ಹೋದ ಕಥೆ ಮನೆಮನೆಯದು. ಬೋರ್ಡಿನಲ್ಲಿರುವುದೂ ಅದೇ ತಾಮ್ರ. ಯುರೋಪಿನಲ್ಲಿ 2006ರ ಜುಲೈಯಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸಕ್ಕೆ ಕಡಿವಾಣ ಬಿತ್ತು; ಸೀಸದ ಬೆಸುಗೆ ಇದ್ದ ಕಡೆ ಕೆಲವು ತಯಾರಕರು ತಾಮ್ರದ ಮೇಲೆ ಬೆಳ್ಳಿಯ ತೆಳು ಲೇಪ ಕೊಡತೊಡಗಿದರು. ಮಕ್ಕಳ ಆರೋಗ್ಯಕ್ಕೆ ಒಳ್ಳೆಯ ಕಾನೂನು ಅದು. ಆದರೆ ಗಂಧಕದ ಗಾಳಿಗೆ ಬೆಳ್ಳಿ ಬೇಗ ಸೋಲುತ್ತದೆ. ಈಗ ಹೂಳು ಎತ್ತಿ ಕೆರೆಗೆ ಜೀವ ಕೊಡುವ ಕೆಲಸ ನಡೆದಿದೆ, ನಾತ ಮೊದಲಿನಷ್ಟಿಲ್ಲ. ಆದರೂ ಅಂದು ಭೂತಗನ್ನಡಿಯಲ್ಲಿ ಕಂಡದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಫ್ಯಾನು ಗಾಳಿಯನ್ನು ಎಳೆಯುವಾಗ ಗಾಳಿಯಲ್ಲಿದ್ದದ್ದನ್ನೆಲ್ಲ ಎಳೆದು ಬೋರ್ಡಿನ ಮೇಲೆ ಸುರಿಯುತ್ತದೆ. ಇನ್ನು ಫ್ಯಾನು ಬೇಡ ಎಂದು ಅಲ್ಲೇ ನಿಶ್ಚಯಿಸಿದೆ.

ಹೊಸದನ್ನು ಹುಡುಕುವ ಕೆಲಸ ಎರಡು ತಿಂಗಳು ಹಿಡಿಯಿತು, ಆ ಎರಡು ತಿಂಗಳು ನನಗೆ ಬಹಳ ಪ್ರಿಯವಾದ ದಿನಗಳು. ಪ್ರೊಸೆಸರ್‌ಗಳ ವಿಷಯದಲ್ಲಿ ನಮ್ಮ ಸೀಮೆಗೆ ಹೆಮ್ಮೆಪಡುವಷ್ಟು ಕಥೆಯಿದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಝಿಯಾನ್ 7400 ಸರಣಿಯನ್ನು, ಡನ್ನಿಂಗ್ಟನ್ ಎಂದು ಕರೆಯುತ್ತಿದ್ದದ್ದನ್ನು, ವಿನ್ಯಾಸ ಮಾಡಿದ್ದು ಬೆಂಗಳೂರಿನ ಎಂಜಿನಿಯರುಗಳು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಈ ಊರಿನಲ್ಲೇ. ಬೆಳಗ್ಗೆ ಬಸ್‌ಸ್ಟಾಪಿನಲ್ಲಿ ಕೊರಳಿಗೆ ಪಟ್ಟಿ ಹಾಕಿಕೊಂಡು ನಿಂತ ಹುಡುಗ ಹುಡುಗಿಯರನ್ನು ನೋಡುವಾಗ, ಜಗತ್ತಿನ ಯಾವುದೋ ಮೂಲೆಯಲ್ಲಿ ಓಡುತ್ತಿರುವ ಚಿಪ್ಪಿನ ಒಂದು ಮೂಲೆಯನ್ನು ಇವರೇ ಬಿಡಿಸಿರಬಹುದು ಎಂದುಕೊಳ್ಳುತ್ತೇನೆ. ನನ್ನ ಮಗಳೂ ಅವರಲ್ಲಿ ಒಬ್ಬಳು.

ಆ ಡನ್ನಿಂಗ್ಟನ್ ಸರಣಿಯ ಮೇಲುಸ್ತರದ ಪ್ರೊಸೆಸರಿಗೆ 130 ವಾಟ್ ಬೇಕಿತ್ತು. ನನಗೆ ಬೇಕಿದ್ದದ್ದು ಅದರ ತೀರ ಎದುರು ತುದಿಯದು. ರಟ್ಟಿನ ಪೆಟ್ಟಿಗೆಗಳ ಮೇಲೆ ಬರೆದಿರುವ ವಾಟುಗಳನ್ನು ಪಟ್ಟಿ ಮಾಡುತ್ತ ಕೂತಿದ್ದಾಗ ಮಗಳು ಬಂದು ನೋಡಿದಳು. ‘ಅದನ್ನ ನೋಡ್ಬೇಡಪ್ಪ. ಅದು ಮೈಮುರಿದು ದುಡಿಯುವಾಗಿನ ಬಿಸಿಯ ಲೆಕ್ಕ. ನಿನ್ನ ಸರ್ವರ್ ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತೆ ಹೇಳು?’ ಎಂದಳು. ಎಣಿಸಿದರೆ ಒಂದು ಗಂಟೆಯೂ ಇಲ್ಲ. ಉಳಿದ 23 ಗಂಟೆ ಸುಮ್ಮನೆ ಕೂತು ಯಾರಾದರೂ ಕರೆದಾರೇ ಎಂದು ಕಾಯುವುದೇ ಅದರ ಕೆಲಸ.

ಆಗ ತಾತ ನೆನಪಾದರು. ಅವರು ನಮ್ಮ ಕೆರೆಯ ನೀರಗಂಟಿ. ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ಕಾಲ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವರ ತಲೆಯಲ್ಲಿರುತ್ತಿತ್ತು. ಏರಿಯ ಮೇಲೆ ಗೊಂಗಡಿ ಹೊದ್ದು ಮಲಗಿದವರು ತೂಬಿನ ನೀರಿನ ಸದ್ದು ಚೂರು ಬದಲಾದರೂ ಎದ್ದು ಕೂರುತ್ತಿದ್ದರು. ಕೆಲಸ ಮುಗಿದ ಮರುಗಳಿಗೆ ಮತ್ತೆ ಗಾಢನಿದ್ರೆ. ಒಳ್ಳೆಯ ಪ್ರೊಸೆಸರ್ ಮಾಡುವುದೂ ಅದನ್ನೇ. ಕೆಲಸವಿಲ್ಲದಾಗ ಒಂದೊಂದೇ ಕೋಣೆಯ ದೀಪ ಆರಿಸುತ್ತ ನಿದ್ದೆಯ ಮೆಟ್ಟಿಲು ಇಳಿಯುತ್ತದೆ. ಕರೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಬಂದಿರುತ್ತದೆ.

ನಾನು ಕಂಡುಕೊಂಡ ಮುಖ್ಯ ವಿಷಯ ಇದು. ಪೆಟ್ಟಿಗೆಯ ಮೇಲೆ 6 ವಾಟ್ ಎಂದಿರುವುದೂ 60 ವಾಟ್ ಎಂದಿರುವುದೂ ಸುಮ್ಮನೆ ಕೂತಿರುವಾಗ ಒಂದಕ್ಕೊಂದು ತೀರ ದೂರವಿರುವುದಿಲ್ಲ. ಆ ಹೊತ್ತಿನಲ್ಲಿ ಕರೆಂಟು ತಿನ್ನುವುದು ಹೆಚ್ಚಾಗಿ ಬೋರ್ಡು ಮತ್ತು ಪವರ್ ಸಪ್ಲೈ. ಡಿಸ್ಕಿನ ಕಿಂಡಿಗಳನ್ನು ಹೆಚ್ಚು ಮಾಡಲು ಕೂರಿಸಿದ ಒಂದು ಪುಟ್ಟ ಚಿಪ್ಪು ಸಾಕು, ಪ್ರೊಸೆಸರನ್ನು ನಿದ್ದೆಯ ಮೊದಲ ಮೆಟ್ಟಿಲಲ್ಲೇ ತಡೆದು ನಿಲ್ಲಿಸಲು. ಹಾಗಾಗಿ ಬಿಲ್ಲನ್ನು ನಿರ್ಧರಿಸುವುದು ಬೋರ್ಡು. ಸದ್ದನ್ನು ನಿರ್ಧರಿಸುವುದು ಪ್ರೊಸೆಸರು. ಪೂರ್ತಿ ದುಡಿದಾಗಲೂ ಅದು ಬಿಸಿಯಾಗುವುದು ಅಲ್ಪವೇ ಆಗಿದ್ದರೆ ಫ್ಯಾನಿನ ಹಂಗೇ ಬೇಡ, ಅಲ್ಯೂಮಿನಿಯಂ ಅಚ್ಚೊಂದು ಬಿಸಿಯನ್ನು ಹೀರಿ ಗಾಳಿಗೆ ಬಿಡುತ್ತದೆ.

ಕೊನೆಗೆ ತಂದದ್ದು ಇಂಟೆಲ್ ಎನ್100. 2023ರ ಜನವರಿಯಲ್ಲಿ ಬಂದದ್ದು, ನಾಲ್ಕು ಕೋರ್, ಆ 6 ವಾಟಿನ ಗುಂಪಿನದು. ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬೇರೆಯಾಗಿ ಕೊಳ್ಳುವಂತಿಲ್ಲ. ನಾನು ಆರಿಸಿದ್ದು ಆಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್. ಮಿನಿ ಐಟಿಎಕ್ಸ್ ಎಂಬ ಈ ಅಳತೆ 2001ರಲ್ಲಿ ತೈವಾನಿನ ವಿಯಾ ಕಂಪನಿ ಹಾಕಿಕೊಟ್ಟದ್ದು: ಬದಿಗೆ 170 ಮಿಲಿಮೀಟರಿನ ಚೌಕ, ಊಟದ ತಟ್ಟೆಗಿಂತ ಚಿಕ್ಕದು. ಈ ಬೋರ್ಡಿಗೆ ಲ್ಯಾಪ್‌ಟಾಪಿನಂತೆ 19 ವೋಲ್ಟಿನ ಅಡಾಪ್ಟರ್ ಸಾಕು. ಹೀಗಾಗಿ ಪವರ್ ಸಪ್ಲೈಯ ಫ್ಯಾನೂ ತಪ್ಪಿತು. ಡಿಸ್ಕಿಗೆ ಎರಡು ಸಾಟಾ ಕಿಂಡಿ. ನನಗೂ ಬೇಕಿದ್ದದ್ದು ಎರಡೇ, ಒಂದರ ಪಡಿಯಚ್ಚಾಗಿ ಇನ್ನೊಂದು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಇರಬೇಕಿತ್ತು ಎಂಬ ಆಸೆಯಿತ್ತು. ಅಂಗಡಿಯವರು ಅದಕ್ಕಾಗಿ ಎಎಂಡಿಯ ರೈಜನ್ ಪ್ರೊಸೆಸರ್ ತೋರಿಸಿದರು, ಒಳ್ಳೆಯ ಜೋಡಿಯೇ; ಆದರೆ ಫ್ಯಾನು ಬರುತ್ತಿತ್ತು. ಅದರ ಬದಲು ಮೂರನೆಯ ಪ್ರತಿಯೊಂದನ್ನು ಹೊಸಕೋಟೆಯಲ್ಲಿ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಇನ್ನೊಂದು ಸಂಗತಿಯನ್ನು ನಮ್ಮ ಕಡೆಯವರು ಮರೆಯಬಾರದು: ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಹೇಳಿಡಬೇಕು. ಮಳೆಗಾಲದ ವರ್ತೂರಿನಲ್ಲಿ ಅದಿಲ್ಲದೆ ಆಗದು.

ಹಳೆಯದು ಗೋಡೆಯ ಪ್ಲಗ್ಗಿನಲ್ಲಿ 58 ವಾಟ್ ತೋರಿಸುತ್ತಿತ್ತು. ತಿಂಗಳಿಗೆ ಸುಮಾರು 42 ಯೂನಿಟ್. ಉಚಿತ ವಿದ್ಯುತ್ತಿನ ಗೃಹ ಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೂ ಕಟ್ಟಬೇಕು. 170ರ ಆಸುಪಾಸಿನಲ್ಲಿರುವ ನಮ್ಮ ಮನೆಯನ್ನು ಗಡಿ ದಾಟಿಸುತ್ತಿದ್ದದ್ದು ಇದೊಂದೇ. ಹೊಸದು ಡಿಸ್ಕುಗಳು ಮಲಗಿರುವಾಗ 9 ವಾಟ್, ತಿರುಗುವಾಗ 17.

ಉಳಿದದ್ದು ಡಿಸ್ಕಿನ ಗುಂಯ್‌ಗುಡುವಿಕೆ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90. ಆ ಕಂಪನವೇ ಕಿವಿಗೆ ಮಂದ್ರದ ಒಂದು ಸ್ವರ. ಬೀರುವಿನ ಹಲಗೆ ಅದಕ್ಕೆ ತಂಬೂರಿಯ ಬುರುಡೆಯಾಗಿ ಮನೆಗೆಲ್ಲ ಹಂಚುತ್ತಿತ್ತು. ನನ್ನವಳು ಲಂಗದ ಲಾಡಿಗೆಂದು ತಂದಿಟ್ಟಿದ್ದ ಅಗಲ ಎಲಾಸ್ಟಿಕ್ಕಿನಿಂದ ಒಂದು ಗಜ ಕತ್ತರಿಸಿ ಕೊಟ್ಟಳು. ಡಿಸ್ಕುಗಳೆರಡನ್ನೂ ಪೆಟ್ಟಿಗೆಯೊಳಗೆ ತೊಟ್ಟಿಲಿನಂತೆ ತೂಗುಹಾಕಿದೆ. ಬೆರಳಿಟ್ಟರೆ ನಡುಕ ತಿಳಿಯುತ್ತದೆ, ಹಲಗೆಗೆ ಕಿವಿಯಿಟ್ಟರೆ ಏನೂ ಇಲ್ಲ.

ಆ ರಾತ್ರಿ ಟ್ಯಾಂಕರುಗಳು ನಿಂತ ಮೇಲೆ ಮೊದಲ ಕ್ಯಾಸೆಟ್ಟು ಹಾಕಿದೆ. ಟೇಪಿನ ಸುಯ್ಯೆನ್ನುವ ಸದ್ದು, ಬಳೆಗಳು, ಅಮ್ಮನ ಪದ. ಎಷ್ಟೋ ಸಲ ಕೇಳಿದ್ದೇ. ಆದರೆ ನುಡಿಯ ಕೊನೆಯಲ್ಲಿ ಅವಳು ಉಸಿರು ಎಳೆದುಕೊಂಡಾಗ, ಆ ಸಂದಿನಲ್ಲಿ, ದೂರದಲ್ಲಿ ಕಪ್ಪೆಗಳು. ಒಂದೆರಡಲ್ಲ, ಕೆರೆಯ ಕಪ್ಪೆಗಳೆಲ್ಲ. ನನ್ನವಳು ಅಡುಗೆಮನೆಯ ದೀಪ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಮುಂದಿನ ನುಡಿಗೆ ಮೊದಲು ಚಪ್ಪರದ ಆಚೆ ಯಾರೋ ಕೆಮ್ಮಿ, ‘ತೂಬು ಇಳಿಸಿ ಬರ್ತೀನಿ’ ಎಂದರು. ತಾತನ ದನಿ. ಅದು ಅಷ್ಟು ವರ್ಷ ಆ ಫ್ಯಾನಿನ ಸದ್ದಿನ ಅಡಿಯಲ್ಲೇ ಇತ್ತು.