ತಲಕಾಡಿನ ಮರಳ ಮೇಲೆ

ಹಿಮ ಬೀಳುವ ದೇಶಗಳಲ್ಲಿ ಉದ್ಯಾನದ ದಾರಿಗಳನ್ನು ಯಂತ್ರದಿಂದ ಒತ್ತಿ, ಸಮ ಮಾಡಿ, ಜೋಡಿ ಗೀರು ಎಳೆದಿಡುತ್ತಾರೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡ ಮಕ್ಕಳು, ಮುದುಕರು ಆ ಗೀರುಗಳಲ್ಲಿ ಮೈಲಿಗಟ್ಟಲೆ ಜಾರುತ್ತಾ ಹೋಗುತ್ತಾರೆ. ಹೊರಡುವ ಮೊದಲು ಅವರು ಕೇಳುವುದು ಒಂದೇ ಮಾತು: ‘ಇವತ್ತು ದಾರಿ ಹೇಗಿದೆ?’ ನಮ್ಮ ಟಿ. ನರಸೀಪುರ ತಾಲ್ಲೂಕಿನಲ್ಲಿ ಹಿಮವಿಲ್ಲ. ಆದರೂ ಈ ಪ್ರಶ್ನೆ ಕೇಳಿಯೇ ಹೊರಡಬೇಕಾದ ಊರೊಂದಿದೆ. ಅದೇ ತಲಕಾಡು.

ನಂಜನಗೂಡಿನ ಮೆಟ್ಟಿಲುಗಳನ್ನು ತೊಳೆದು ಬರುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಇಬ್ಬರೂ ಒಂದಾಗಿ ತಲಕಾಡಿಗೆ ಬರುತ್ತಾರೆ. ಒಂದು ಕಾಲಕ್ಕೆ ಇದು ಗಂಗರ ರಾಜಧಾನಿ. ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತೆಂದು ಅಜ್ಜಿಯರು ಹೇಳುತ್ತಾರೆ. ನದಿಯ ತಿರುವು, ಬೇಸಿಗೆಯಲ್ಲಿ ತೆರೆದುಕೊಳ್ಳುವ ಮರಳ ಪಾತ್ರ, ನೈಋತ್ಯದ ಗಾಳಿ ಇವು ಕಾರಣವೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಹೊಯ್ಸಳ ವಿಷ್ಣುವರ್ಧನ 12ನೇ ಶತಮಾನದಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನು ಮರಳು ತೆಗೆದೇ ಹೊರಗೆ ಕಾಣಿಸಬೇಕಾಯಿತು. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೂ ಮರಳ ದಿಬ್ಬ ಹತ್ತಿಳಿದೇ ಹೋಗಬೇಕು.

ಈಗ ದಾರಿಯ ಲೆಕ್ಕ. ಡಿಸೆಂಬರ್, ಜನವರಿಯ ಬೆಳಗ್ಗೆ ಇಬ್ಬನಿ ಬಿದ್ದ ಮರಳು ಬಿಗಿಯಾಗಿರುತ್ತದೆ, ಹೆಜ್ಜೆ ಹೂತುಹೋಗುವುದಿಲ್ಲ. ಮಳೆ ಬಂದು ನಿಂತ ಮರುದಿನವೂ ಹಾಗೆಯೇ. ಹತ್ತು ಗಂಟೆ ಕಳೆದರೆ ಮರಳು ಒಣಗಿ ಸಡಿಲವಾಗುತ್ತದೆ; ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಏಪ್ರಿಲ್ ಮಧ್ಯಾಹ್ನವಂತೂ ಬರಿಗಾಲಿಡುವ ಹಾಗಿಲ್ಲ. ಎಪ್ಪತ್ತು ದಾಟಿದ ನನ್ನ ಮೊಣಕಾಲುಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಗುಡಿಗಳಿಗೆ ಹೋಗುವ ದಾರಿಯಲ್ಲಿ ನೆರಳಿನ ಚಾವಣಿ ಇರುವುದು ನಮ್ಮಂಥವರಿಗೆ ದೊಡ್ಡ ಆಸರೆ.

ಹಿಮದ ಸ್ವಭಾವವೂ ಹೀಗೆಯೇ. ರಾತ್ರಿಯ ಚಳಿಗೆ ಗಟ್ಟಿ, ಬಿಸಿಲೇರಿದರೆ ಮೆತ್ತಗೆ. ಅದನ್ನು ಓದಲು ಕಲಿತವರಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಒಬ್ಬರು. ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶದ ಪರವಾಗಿ ಸ್ಪರ್ಧಿಸಿದವರು. ಅವರ ಹೆಸರಿನಲ್ಲಿ ನಮ್ಮೂರ ನಂಜುಂಡನಿದ್ದಾನೆ, ಅವರ ಜಿಲ್ಲೆಯ ಕಾವೇರಿ ನಮ್ಮ ತಲಕಾಡಿನಲ್ಲಿದ್ದಾಳೆ. ಮಕ್ಕಳೇ, ಸಡಿಲ ಮರಳಿನಲ್ಲಿ ನೂರು ಹೆಜ್ಜೆ ಓಡಿ ನೋಡಿ. ಹಿಮದಲ್ಲಿ ಕಿಲೋಮೀಟರುಗಟ್ಟಲೆ ಓಡುವವರ ಕಷ್ಟ ಸ್ವಲ್ಪವಾದರೂ ತಿಳಿಯುತ್ತದೆ.

ಪಂಚಲಿಂಗ ದರ್ಶನ ನಡೆಯುವ ವರ್ಷ ತಲಕಾಡಿಗೆ ಜನಸಾಗರವೇ ಬರುತ್ತದೆ. 2009, 2013, 2020ರಲ್ಲಿ ಅದು ನಡೆಯಿತು. ಉಳಿದ ದಿನಗಳಲ್ಲಿ ನಿಧಾನವಾಗಿ ನೋಡಬಹುದು. ಎರಡು ಮಾತು ಮಾತ್ರ ನೆನಪಿಡಿ. ಮೊದಲನೆಯದು, ಕಾಲುದಾರಿ ಬಿಟ್ಟು ದಿಬ್ಬದ ಗಿಡಗಳನ್ನು ತುಳಿಯಬೇಡಿ. ಅಲ್ಲಿ ನೆಟ್ಟ ನೀಲಗಿರಿ, ಸರ್ವೆ ಮರಗಳೂ ತಾನಾಗಿ ಹಬ್ಬಿದ ಬಳ್ಳಿಗಳೂ ಬೇರಿನಿಂದ ಮರಳನ್ನು ಹಿಡಿದಿವೆ. ಎರಡನೆಯದು ಇನ್ನೂ ಮುಖ್ಯ. ನಡೆದು ದಣಿದವರಿಗೆ ಕಾವೇರಿ ಮೊಣಕಾಲುದ್ದ ಕಾಣುತ್ತಾಳೆ. ಆದರೆ ನೀರಿನ ಕೆಳಗಿನ ಮರಳು ಒಂದೇ ಸಮ ಇರುವುದಿಲ್ಲ. ಒಂದು ಹೆಜ್ಜೆ ಮುಂದೆಯೇ ಮಡು ಇರಬಹುದು. ಈಜು ಬಲ್ಲವರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳ ಕೈ ಹಿಡಿದುಕೊಳ್ಳಿ, ದಡದಲ್ಲೇ ಕಾಲು ತೊಳೆಯಿರಿ. ಹೋದಷ್ಟೂ ಜನ ಮನೆಗೆ ಮರಳಿದರೇ ಪ್ರವಾಸದ ಲೆಕ್ಕ ಸರಿಹೋದಂತೆ.