ಬಸವನಗುಡಿಯಿಂದ ಕ್ಯಾಲಿಫೋರ್ನಿಯಾ ಎಷ್ಟು ದೂರ?

ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಇಲ್ಲಿ, ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ. ನಮ್ಮನೇಲೂ ಅಷ್ಟೇ, ಅಕ್ಕ ಅಲ್ಲಿದ್ದಾಳೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 14,000 ಕಿ.ಮೀ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ, ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೇ ಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಆ ದಾರಿಯಲ್ಲಿ ಇಲ್ಲಿಗೆ ತಂದರು. ಹಾರಾಟ ಸುಮಾರು 17 ಗಂಟೆ.

ಆದರೆ ಗಾಂಧಿ ಬಜಾರಿನಿಂದ ದೇವನಹಳ್ಳಿ ಏರ್‌ಪೋರ್ಟ್‌ಗೇ ಸುಮಾರು 40 ಕಿ.ಮೀ., ಟ್ರಾಫಿಕ್ ಇದ್ದರೆ ಎರಡು ಗಂಟೆ. ಚೆಕ್‌-ಇನ್, ಇಮಿಗ್ರೇಷನ್ ಎಲ್ಲ ಸೇರಿದರೆ ಮನೆಯಿಂದ ಮನೆಗೆ ಪೂರ್ತಿ ಒಂದು ದಿನ.

ಹೋದ ವರ್ಷ ಅಪ್ಪ ಆಸ್ಪತ್ರೆ ಸೇರಿದಾಗ ಅಕ್ಕ ಫೋನಲ್ಲಿ ಕೇಳಿದ್ದು ಒಂದೇ: "ಈಗ ಹೊರಟ್ರೆ ಯಾವಾಗ ತಲುಪ್ತೀನೋ?"

"ನಾಳೆ ರಾತ್ರಿ ಕಣೇ," ಅಂದೆ. ಅವಳು ಬರೋಷ್ಟರಲ್ಲಿ ಅಪ್ಪ ಎದ್ದು ಕೂತು ಕಾಫಿ ಕೇಳ್ತಿದ್ದರು.